ಬೆನ್ನುಹುರಿ ಪೆಟ್ಟಿನ ನಂತರ ದಾಂಪತ್ಯ: ಮಾತ್ರೆ, ಪಂಪು, ಇಂಜೆಕ್ಷನ್, ಆಪರೇಷನ್, ಯಾವುದು ಯಾರಿಗೆ?

ಅಡಿಕೆ ಮರದಿಂದ ಬಿದ್ದವರು, ಬೈಕಿಗೆ ಲಾರಿ ಗುದ್ದಿದವರು, ಕಟ್ಟಡದ ಸಾರುವೆಯಿಂದ ಜಾರಿದವರು. ನಮ್ಮಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಬರುವವರಲ್ಲಿ ಹೆಚ್ಚಿನವರು ಪ್ರಾಯದವರು. ಮದುವೆಯಾಗಿ ಎರಡು ಮೂರು ವರ್ಷವಾಗಿರುತ್ತದೆ, ಇಲ್ಲವೇ ಮದುವೆಯ ಮಾತುಕತೆ ನಡೆಯುತ್ತಿರುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವ ಹೊತ್ತಿಗೆ ಅವರಿಗೆ ಒತ್ತುಹುಣ್ಣು, ಕ್ಯಾತೀಟರ್, ಮಲವಿಸರ್ಜನೆ, ಹಾಸಿಗೆಯಿಂದ ವೀಲ್‌ಚೇರಿಗೆ ದಾಟುವುದು ಎಲ್ಲವನ್ನೂ ಹೇಳಿಕೊಟ್ಟಿರುತ್ತಾರೆ. ಒಂದು ವಿಷಯ ಮಾತ್ರ ಹಾಗೇ ಉಳಿದುಬಿಡುತ್ತದೆ. ಗಂಡ ಕೇಳಲು ನಾಚುತ್ತಾನೆ, ಡಾಕ್ಟರು ಅವನೇ ಕೇಳಲಿ ಎಂದು ಕಾಯುತ್ತಾರೆ, ಹೆಂಡತಿಯನ್ನಂತೂ ಯಾರೂ ಮಾತನಾಡಿಸುವುದಿಲ್ಲ. ಕೊನೆಗೆ ಉತ್ತರ ಕೊಡುವವರು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ‘ಗುಪ್ತ ಸಮಸ್ಯೆ’ ಎಂದು ಬರೆಸಿಕೊಂಡವರು.

ಈ ಬರಹದಲ್ಲಿ ಔಷಧಿಗಳ ಹೆಸರು, ಅಳತೆ ಎರಡೂ ಇವೆ. ಡಾಕ್ಟರ ಮುಂದೆ ಕೂತಾಗ ಮಾತು ಎಲ್ಲಿಂದ ಶುರುಮಾಡಬೇಕೆಂದು ಗೊತ್ತಿರಲಿ ಎಂಬುದಕ್ಕಾಗಿ ಅವನ್ನು ಕೊಟ್ಟಿದ್ದೇನೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿಗೆ ಹೋಗಲು ಅವು ಸಾಲವು.

ಆಯ್ಕೆಗೆ ಇಳಿಯುವ ಮೊದಲು ಒಂದು ಗಂಟು ಬಿಡಿಸಿಕೊಳ್ಳಬೇಕು. ನಿಮಿರುವುದು, ವೀರ್ಯ ಹೊರಬರುವುದು, ಸುಖ ಸಿಗುವುದು, ಮಗುವಾಗುವುದು ಇವು ನಾಲ್ಕೂ ಪೆಟ್ಟಿಗೆ ಮೊದಲು ಒಂದರ ಹಿಂದೆ ಒಂದು ತಾವಾಗಿ ಬರುತ್ತಿದ್ದವು. ಈಗ ಹಾಗಿಲ್ಲ. ಒಂದು ಉಳಿದು ಇನ್ನೊಂದು ಹೋಗಿರಬಹುದು, ಪ್ರತಿಯೊಂದಕ್ಕೂ ಬೇರೆ ಬೇರೆ ಉಪಾಯ ಬೇಕಾಗಬಹುದು. ಇದು ಗೊತ್ತಿಲ್ಲದೆ ಹಣ ಕಳೆದುಕೊಳ್ಳುವವರು ಬಹಳ. ಮಗು ಬೇಕೆಂದು ಹೋದವರು ನಿಮಿರುವಿಕೆಯ ಮಾತ್ರೆ ನುಂಗುತ್ತಾ ವರ್ಷ ಕಳೆಯುತ್ತಾರೆ. ಮಾತ್ರೆಯಿಂದ ನಿಮಿರಬಹುದು, ಸ್ಖಲನವಾಗುತ್ತದೆಂಬ ಖಾತರಿ ಇಲ್ಲ. ಇಬ್ಬರೂ ಒಟ್ಟಿಗೆ ಕೂತು ‘ನಮಗೆ ಈಗ ಬೇಕಾದದ್ದು ಯಾವುದು’ ಎಂದು ಮಾತನಾಡಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪೆಟ್ಟು ಯಾವ ಮಟ್ಟದಲ್ಲಿ?

ಬೆನ್ನುಹುರಿಯ ಮಟ್ಟವನ್ನು ಅಕ್ಷರ, ಅಂಕಿಯಲ್ಲಿ ಬರೆಯುತ್ತಾರೆ: ಟಿ ಎಂದರೆ ಎದೆಯ ಭಾಗ, ಎಲ್ ಸೊಂಟದ ಭಾಗ, ಎಸ್ ಅದಕ್ಕೂ ಕೆಳಗಿನ ತುದಿ, ಅಂಕಿ ಹೆಚ್ಚಿದಷ್ಟೂ ಕೆಳಗೆ. ನಿಮಿರುವಿಕೆಗೆ ಬೆನ್ನುಹುರಿಯಲ್ಲಿ ಎರಡು ದಾರಿಗಳಿವೆ. ನೋಡಿದ್ದು, ನೆನೆದದ್ದು, ಕೇಳಿದ ಮಾತು ಮನಸ್ಸಿನಲ್ಲಿ ಎಬ್ಬಿಸುವ ಆಸೆ ಟಿ-11ರಿಂದ ಎಲ್-2ರವರೆಗಿನ ಭಾಗದಿಂದ ಹೊರಟು ಕೆಳಗೆ ಮುಟ್ಟುತ್ತದೆ. ಮುಟ್ಟಿದಾಗ ತಾನಾಗಿ ಆಗುವ ನಿಮಿರುವಿಕೆ ಎಸ್-2ರಿಂದ ಎಸ್-4ರ ನರಗಳದ್ದು. ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಕುತ್ತಿಗೆ ಅಥವಾ ಎದೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಈ ಎರಡನೆಯ ದಾರಿ ಸಾಮಾನ್ಯವಾಗಿ ಉಳಿದಿರುತ್ತದೆ. ಕ್ಯಾತೀಟರ್ ಹಾಕುವಾಗ, ಮೈ ತೊಳೆಸುವಾಗ ನಿಮಿರುವುದು ಇದರಿಂದಲೇ. ಆರೈಕೆ ಮಾಡುವ ಅಕ್ಕನೋ ಅಮ್ಮನೋ ಅದನ್ನು ನೋಡಿ ಮುಖ ಸಿಂಡರಿಸಬೇಕಾದ್ದಿಲ್ಲ. ಮಂಡಿಗೆ ಸುತ್ತಿಗೆ ತಟ್ಟಿದಾಗ ಕಾಲು ಒದೆಯುವಂಥದೇ ಅದು. ಬೆನ್ನುಹುರಿಯ ತುದಿಗೇ ಪೆಟ್ಟಾದವರಲ್ಲಿ ಇದು ತಿರುವುಮುರುವು: ಮುಟ್ಟಿದರೆ ನಿಮಿರದು, ಮನಸ್ಸಿನಿಂದ ಸ್ವಲ್ಪ ಬರಬಹುದು.

ರಿಪೋರ್ಟ್ ಓದುವಾಗ ಎರಡು ಎಚ್ಚರ. ನಮ್ಮ ಆಸ್ಪತ್ರೆಗಳಲ್ಲಿ ಟಿ ಬದಲು ಡಿ ಎಂದೂ ಬರೆಯುತ್ತಾರೆ, ಡಿ-12 ಎಂದರೆ ಟಿ-12. ಮತ್ತೆ, ಎಂಆರ್‌ಐಯಲ್ಲಿ ‘ಎಲ್-1 ಮುರಿದಿದೆ’ ಎಂದಿದ್ದರೆ ಅದು ಮೂಳೆಯ ಲೆಕ್ಕ. ಹುರಿ ಮೂಳೆಗಿಂತ ಗಿಡ್ಡ, ಸುಮಾರು ಎಲ್-1, ಎಲ್-2 ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಎಸ್ ನರಗಳು ಹುಟ್ಟುವ ಜಾಗ ಅಲ್ಲೇ ಇರುವುದರಿಂದ, ಬೆನ್ನೆಲುಬಿನ ಸೊಂಟದ ಭಾಗದ ಮೂಳೆ ಮುರಿದವರಿಗೆ ಮುಟ್ಟಿದಾಗಿನ ನಿಮಿರುವಿಕೆ ಹೋಗಿರಬಹುದು. ಆದ್ದರಿಂದ ಸ್ಕ್ಯಾನ್ ನೋಡಿ ಊಹಿಸಿಕೊಳ್ಳಬೇಡಿ. ಗುದದ ಸುತ್ತ ಸ್ಪರ್ಶ, ಬಿಗಿತ ನೋಡುವ ಪರೀಕ್ಷೆಯನ್ನು ಪುನಶ್ಚೇತನ ವಿಭಾಗದ ಡಾಕ್ಟರು ಐದು ನಿಮಿಷದಲ್ಲಿ ಮಾಡುತ್ತಾರೆ. ಮುಂದೆ ಹೇಳುವ ಪ್ರತಿ ಆಯ್ಕೆಯೂ ಆ ಪರೀಕ್ಷೆಯ ಫಲದ ಮೇಲೆ ನಿಂತಿದೆ.

ಪೆಟ್ಟಾದ ಮೊದಲ ಕೆಲವು ವಾರ, ಕೆಲವರಿಗೆ ತಿಂಗಳುಗಳ ಕಾಲ, ಪೆಟ್ಟಿನ ಕೆಳಗಿನ ಎಲ್ಲ ಪ್ರತಿಕ್ರಿಯೆಗಳೂ ಸತ್ತಂತೆ ಮಲಗಿರುತ್ತವೆ. ಆ ಅವಧಿಯಲ್ಲಿ ಏನೂ ಆಗುತ್ತಿಲ್ಲ ಎಂದು ಯಾವ ತೀರ್ಮಾನಕ್ಕೂ ಬರಬೇಡಿ, ಆಪರೇಷನ್ನಿಗಂತೂ ಒಪ್ಪಲೇಬೇಡಿ.

ಮೊದಲು ಬಿ.ಪಿ.ಯ ಮಾತು

ಟಿ-6 ಅಥವಾ ಅದಕ್ಕೂ ಮೇಲಿನ ಪೆಟ್ಟಿರುವವರು ಈ ಭಾಗವನ್ನು ಹಾರಿಸಬಾರದು. ಪೆಟ್ಟಿನ ಕೆಳಗೆ ಏನಾದರೂ ಕೆರಳಿದರೆ, ತುಂಬಿದ ಮೂತ್ರಕೋಶ, ಗಟ್ಟಿ ಮಲ, ವೀರ್ಯ ಬರಿಸಲು ಬಳಸುವ ಕಂಪನ ಯಂತ್ರ (ವೈಬ್ರೇಟರ್), ಸ್ಖಲನ, ಹೆರಿಗೆ ನೋವು ಯಾವುದೇ ಆಗಲಿ, ರಕ್ತದೊತ್ತಡ ಹಠಾತ್ತನೆ ಏರಬಹುದು. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪೇರುವುದು, ಮೇಲ್ಮೈಯಲ್ಲಿ ಬೆವರು, ಮೂಗು ಕಟ್ಟುವುದು ಲಕ್ಷಣಗಳು. ಇಂಥವರ ದಿನನಿತ್ಯದ ಮೇಲಿನ ಬಿ.ಪಿ. 90ರಿಂದ 110ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 140 ಕಂಡಾಗ ‘ಅಷ್ಟೇನಿಲ್ಲ’ ಎನ್ನುವ ಡಾಕ್ಟರಿಗೆ ನಿಮ್ಮ ಮಾಮೂಲಿ ಎಷ್ಟೆಂದು ನೀವೇ ಹೇಳಬೇಕು. 20ರಿಂದ 40 ಅಂಕ ಏರಿದರೇ ಅದು ಡಿಸ್‌ರಿಫ್ಲೆಕ್ಸಿಯಾ ಇರಬಹುದು. ಹೀಗಾದರೆ ಮಾಡುತ್ತಿದ್ದುದನ್ನು ತಕ್ಷಣ ನಿಲ್ಲಿಸಿ, ಎದ್ದು ಕೂರಿಸಿ, ಕಾಲು ಇಳಿಬಿಡಿ, ಬಿಗಿ ಬಟ್ಟೆ, ಬೆಲ್ಟ್, ಶಿಶ್ನಕ್ಕೆ ಹಾಕಿದ ರಿಂಗು ತೆಗೆಯಿರಿ, ಕ್ಯಾತೀಟರ್ ಮಡಚಿದೆಯೇ ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ, ತಡಮಾಡಿದರೆ ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ನಿಮಿರುವಿಕೆಗೆ ನಾಲ್ಕು ಆಯ್ಕೆ

ನಾನು ಹೋಲಿಸುವ ಅಳತೆಗೋಲು ಸರಳ: ಬೇಡವೆನಿಸಿದರೆ ನಾಳೆಯೇ ಬಿಡಬಹುದಾದದ್ದು ಮೊದಲು, ಹಿಂದಿರುಗಲಾಗದ್ದು ಕೊನೆಗೆ. ಬೆಲೆ, ಕೈಯ ಬಲ, ಚರ್ಮದ ಸ್ಪರ್ಶ ಇವೆಲ್ಲ ಅದರ ನಂತರ.

ಮಾತ್ರೆ. ಸಿಲ್ಡೆನಾಫಿಲ್ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಟಡಲಾಫಿಲ್ 2003ರಲ್ಲಿ. ಈಗ ಎರಡೂ ನಮ್ಮಲ್ಲೇ ತಯಾರಾಗುತ್ತವೆ, ಬೆಲೆ ಕೈಗೆಟುಕುವಂಥದ್ದು. ಮಾತ್ರೆ ಆಸೆಯನ್ನು ಹುಟ್ಟಿಸುವುದಿಲ್ಲ, ಇರುವ ನರದ ಸಂದೇಶವನ್ನು ಬಲಪಡಿಸುತ್ತದೆ ಅಷ್ಟೆ. ಹೀಗಾಗಿ ಮುಟ್ಟಿದರೆ ಸ್ವಲ್ಪವಾದರೂ ನಿಮಿರುವವರಿಗೆ, ಅಂದರೆ ಪೆಟ್ಟು ಮೇಲೆ ಇದ್ದವರಿಗೆ, ಚೆನ್ನಾಗಿ ಕೆಲಸ ಮಾಡುತ್ತದೆ. ತುದಿಯ ನರಗಳೇ ಕಡಿದವರಲ್ಲಿ ಅಷ್ಟಕ್ಕಷ್ಟೆ.

ಎರಡರಲ್ಲಿ ಯಾವುದು? ಸಿಲ್ಡೆನಾಫಿಲ್ ಅರ್ಧದಿಂದ ಒಂದು ಗಂಟೆಯಲ್ಲಿ ಶುರುವಾಗಿ ನಾಲ್ಕೈದು ಗಂಟೆ ಇರುತ್ತದೆ. ಬಿರಿಯಾನಿಯಂಥ ಜಿಡ್ಡಿನ ಊಟದ ಮೇಲೆ ನುಂಗಿದರೆ ಹಿಡಿಯುವುದು ನಿಧಾನ. ಟಡಲಾಫಿಲ್‌ಗೆ ಊಟದ ಗೊಡವೆ ಇಲ್ಲ, 36 ಗಂಟೆಯವರೆಗೂ ಅದರ ಪ್ರಭಾವ ಇರುತ್ತದೆ. ಮಲಗುವ ಮೊದಲು ಕ್ಯಾತೀಟರ್, ಮಲವಿಸರ್ಜನೆ, ಮೈ ಒರೆಸುವುದು ಎಂದು ಒಂದು ಗಂಟೆಯ ಸಿದ್ಧತೆ ಬೇಕಾದ ಮನೆಯಲ್ಲಿ ಗಡಿಯಾರ ನೋಡಿಕೊಂಡು ಪ್ರೀತಿಸುವುದು ಕಷ್ಟ, ಅಲ್ಲಿ ಟಡಲಾಫಿಲ್ ವಾಸಿ ಎಂಬುದು ನನ್ನ ಅಭಿಪ್ರಾಯ. ಆದರೆ ಕುತ್ತಿಗೆ ಮಟ್ಟದವರಿಗೆ ಬಿ.ಪಿ. ಮೊದಲೇ ಕಡಿಮೆ, ತಲೆಸುತ್ತು ಬಂದರೆ ನಾಲ್ಕೈದು ಗಂಟೆಯಲ್ಲಿ ಇಳಿಯುವುದೇ ಒಳ್ಳೆಯದು. ಅಂಥವರಿಗೆ 25 ಮಿ.ಗ್ರಾಂ ಸಿಲ್ಡೆನಾಫಿಲ್‌ನಿಂದ ಶುರುಮಾಡುವುದು ರೂಢಿ. ಮೂತ್ರ ಸಲೀಸಾಗಲೆಂದು ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಎರಡೂ ಸೇರಿ ಬಿ.ಪಿ.ಯನ್ನು ಇನ್ನಷ್ಟು ಇಳಿಸುತ್ತವೆ.

ಇಲ್ಲೊಂದು ಬಲೆ ಇದೆ. ಮಾತ್ರೆ ತೆಗೆದುಕೊಂಡ ರಾತ್ರಿಯೇ ಡಿಸ್‌ರಿಫ್ಲೆಕ್ಸಿಯಾ ಬಂದು ಬಿ.ಪಿ. ಏರಿದರೆ, ಹತ್ತಿರದ ಆಸ್ಪತ್ರೆಯಲ್ಲಿ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಇಡಬಹುದು. ಅದು ನೈಟ್ರೇಟ್, ಅಂದರೆ ರಕ್ತನಾಳ ಹಿಗ್ಗಿಸುವ ಔಷಧಿ. ಈ ಮಾತ್ರೆಗಳ ಜೊತೆ ಸೇರಿದರೆ ಬಿ.ಪಿ. ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಲಾಫಿಲ್ ನುಂಗಿ 48 ಗಂಟೆ ಆಗುವವರೆಗೆ ನೈಟ್ರೇಟ್ ಕೂಡದು. ಅತ್ತೆ ಮಾವನ ಎದುರು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ, ಆದರೆ ಹೇಳಲೇಬೇಕು. ‘ಗಿಡಮೂಲಿಕೆ’ ಹೆಸರಿನ ಪುಡಿ, ಗುಳಿಗೆಗಳಿಗೂ ಈ ಮಾತು ಅನ್ವಯ. ಅವುಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಏನು ನುಂಗಿದ್ದೀರೆಂದು ನಿಮಗೇ ಗೊತ್ತಿಲ್ಲದ ಮೇಲೆ ಡಾಕ್ಟರಿಗೆ ಏನು ಹೇಳುತ್ತೀರಿ?

ಪಂಪು. ಪ್ಲಾಸ್ಟಿಕ್ ಕೊಳವೆಯೊಳಗೆ ಶಿಶ್ನವಿಟ್ಟು ಗಾಳಿ ಎಳೆದರೆ ರಕ್ತ ತುಂಬುತ್ತದೆ, ಬುಡಕ್ಕೆ ರಬ್ಬರ್ ರಿಂಗ್ ಹಾಕಿದರೆ ನಿಲ್ಲುತ್ತದೆ. ಇದಕ್ಕೆ ನರವೇ ಬೇಕಿಲ್ಲ, ಯಾವ ಮಟ್ಟದವರಿಗೂ ಆಗುತ್ತದೆ, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳಿಕೆ. ಬೆರಳಲ್ಲಿ ಬಲವಿಲ್ಲದವರಿಗೆ ಬ್ಯಾಟರಿಯದ್ದು ಸಿಗುತ್ತದೆ, ಇಲ್ಲವೇ ಹೆಂಡತಿ ಮಾಡಬಹುದು. ಶಿಶ್ನ ತಣ್ಣಗೆ, ನೀಲಿಯಾಗಿ ಇರುತ್ತದೆ, ಬುಡದಲ್ಲಿ ಅಲುಗಾಡುತ್ತದೆ. ಎಷ್ಟೋ ಜೋಡಿಗಳು ‘ಇದು ಯಂತ್ರದಂತಿದೆ’ ಎಂದು ಮೂಲೆಗಿಡುವುದು ಇದಕ್ಕೇ. ರಿಂಗನ್ನು 30 ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ಸ್ಪರ್ಶವಿಲ್ಲದವರಿಗೆ ನೋವು ಎಚ್ಚರಿಸುವುದಿಲ್ಲ, ಹಾಗೇ ನಿದ್ದೆಹೋದರೆ ಚರ್ಮ, ಮಾಂಸ ಕೊಳೆಯುವ ಅಪಾಯ ನಿಜ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟದ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಮುಟ್ಟಿದರೆ ನಿಮಿರಿ ಬೇಗ ಇಳಿದುಹೋಗುವವರಿಗೆ ಪಂಪೂ ಬೇಡ, ರಿಂಗ್ ಒಂದೇ ಸಾಕಾಗಬಹುದು. ಖರ್ಚೇ ಇಲ್ಲದ ಈ ಉಪಾಯವನ್ನು ಅಂಗಡಿಯವರು ಹೇಳುವುದಿಲ್ಲ.

ಇಂಜೆಕ್ಷನ್. ಶಿಶ್ನದ ಪಕ್ಕಕ್ಕೆ ತೀರ ಸಣ್ಣ ಸೂಜಿಯಲ್ಲಿ ಔಷಧಿ ಚುಚ್ಚಿದರೆ ಐದರಿಂದ ಇಪ್ಪತ್ತು ನಿಮಿಷದಲ್ಲಿ ನಿಮಿರುತ್ತದೆ. ಮಾತ್ರೆ ಸೋತ ಕಡೆಯೂ ಗೆಲ್ಲುವುದು ಇದೇ, ಯಾಕೆಂದರೆ ಔಷಧಿ ನೇರ ರಕ್ತನಾಳದ ಮೇಲೆ ಕೆಲಸ ಮಾಡುತ್ತದೆ. ಇದರ ಹಿಂದೆ ಒಂದು ಕತೆಯಿದೆ. 1983ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಮೂತ್ರರೋಗ ತಜ್ಞರ ಸಮ್ಮೇಳನದಲ್ಲಿ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ತಾನೇ ಚುಚ್ಚಿಕೊಂಡು ಬಂದು, ಫಲಿತಾಂಶವನ್ನು ತುಂಬಿದ ಸಭೆಗೆ ತೋರಿಸಿದ. ಸಭೆ ದಂಗಾಯಿತು, ವಿಜ್ಞಾನ ಮುಂದೆ ಹೋಯಿತು. ಬೆನ್ನುಹುರಿ ಪೆಟ್ಟಾದ ಗಂಡಸರಿಂದ ವೈಬ್ರೇಟರ್ ಮತ್ತು ವಿದ್ಯುತ್ತಿನಿಂದ ವೀರ್ಯ ಪಡೆಯುವ ದಾರಿಯಲ್ಲಿ ಮೊದಲಿಗೆ ದುಡಿದವರಲ್ಲೂ ಅವನೊಬ್ಬ.

ನರದ ತೊಂದರೆ ಇರುವವರಿಗೆ ಈ ಔಷಧಿಗಳು ಬೇಗ, ಜಾಸ್ತಿ ಹಿಡಿಯುತ್ತವೆ. ಅಲ್ಪ್ರೋಸ್ಟಾಡಿಲ್ ಅನ್ನು ಇತರರಿಗೆ 2.5 ಮೈಕ್ರೋಗ್ರಾಂನಿಂದ ಶುರುಮಾಡಿದರೆ ಬೆನ್ನುಹುರಿಯವರಿಗೆ ಅದರ ಅರ್ಧ, 1.25ರಿಂದ ಶುರುಮಾಡುತ್ತಾರೆ. ಮೊದಲ ಸಲ ಆಸ್ಪತ್ರೆಯಲ್ಲೇ. ನಾಲ್ಕು ಗಂಟೆ ದಾಟಿಯೂ ಇಳಿಯದಿದ್ದರೆ ನಡುರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಬೇಕು, ಇಲ್ಲದಿದ್ದರೆ ಒಳಗಿನ ಮಾಂಸ ಶಾಶ್ವತವಾಗಿ ಕೆಡುತ್ತದೆ. ನೋವು ಗೊತ್ತಾಗದವರು ಕಣ್ಣಿನಿಂದಲೇ ನೋಡಿಕೊಳ್ಳಬೇಕು. ಹೀಗೇ ಚುಚ್ಚುವ ಇನ್ನೊಂದು ಔಷಧಿ ಪಪಾವೆರಿನ್ ಅಗ್ಗ, ಆದರೆ ಇಳಿಯದೇ ಉಳಿಯುವುದೂ ಒಳಗೆ ಗಂಟುಗಟ್ಟುವುದೂ ಅದರಲ್ಲಿ ಹೆಚ್ಚು. ಎಮರ್ಜೆನ್ಸಿ ಇರುವ ಆಸ್ಪತ್ರೆ ಮನೆಯಿಂದ ಎರಡು ಮೂರು ಗಂಟೆ ದೂರದ ಹಳ್ಳಿಯಲ್ಲಿದ್ದರೆ, ಇಂಜೆಕ್ಷನ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ನಾನು ಪಂಪಿನ ಪರ.

ಆಪರೇಷನ್. ಶಿಶ್ನದೊಳಗೆ ಬಾಗುವ ಸಲಾಕೆ ಇಡುವುದು ಒಂದು ಬಗೆ, ನೀರು ತುಂಬಿಸಿ ಎಬ್ಬಿಸುವ ಟ್ಯೂಬ್ ಇಡುವುದು ಇನ್ನೊಂದು. ಮೊದಲನೆಯದಕ್ಕೆ ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ದೇಶೀ ಸಾಧನವಿದೆ, ಹೊರದೇಶದ್ದಕ್ಕಿಂತ ಬಹಳ ಅಗ್ಗ. ಕೈಯಲ್ಲಿ ಬಲವಿಲ್ಲದವರಿಗೆ ಬಾಗುವ ಸಲಾಕೆ ಅನುಕೂಲ, ಕಾಂಡಮ್ ಕ್ಯಾತೀಟರ್ ಜಾರದೆ ನಿಲ್ಲುವ ಲಾಭವೂ ಇದೆ. ಆದರೆ ಯಾವಾಗಲೂ ಒಳಗಿಂದ ಒತ್ತುತ್ತಿರುವುದರಿಂದ, ಸ್ಪರ್ಶವಿಲ್ಲದ ಚರ್ಮವನ್ನು ತೂತು ಮಾಡಿ ಹೊರಬರುವ ಭಯ ಇದರಲ್ಲೇ ಹೆಚ್ಚು. ನೀರು ತುಂಬಿಸುವ ಬಗೆಯಲ್ಲಿ ಆ ಒತ್ತಡ ಕಡಿಮೆ, ಬೆಲೆ ಹಲವು ಪಟ್ಟು ಜಾಸ್ತಿ, ಪಂಪ್ ಒತ್ತಲು ಬೆರಳು ಬೇಕು. ಎರಡರಲ್ಲೂ ಒಳಗಿನ ಸ್ವಾಭಾವಿಕ ಅಂಗಾಂಶ ಹೋಗುತ್ತದೆ. ಸೋಂಕಾಗಿ ತೆಗೆಯಬೇಕಾದರೆ ಮಾತ್ರೆಗೂ ಇಂಜೆಕ್ಷನ್ನಿಗೂ ಮರಳುವ ದಾರಿ ಬಹುತೇಕ ಮುಚ್ಚಿರುತ್ತದೆ. ಒತ್ತುಹುಣ್ಣು ಇರುವಾಗ, ಮೂತ್ರದ ಸೋಂಕು ಪದೇ ಪದೇ ಬರುವಾಗ ಈ ಮಾತೇ ಬೇಡ.

ಇನ್ನೊಂದು ಸಂಗತಿ. ಕಾಲಿನ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ನಿಮಿರುವಿಕೆಯನ್ನೂ ಸ್ಖಲನವನ್ನೂ ಕುಗ್ಗಿಸಬಲ್ಲವು. ಹೊಸದೊಂದನ್ನು ಸೇರಿಸುವ ಮೊದಲು ಇರುವುದನ್ನು ಮರುಪರಿಶೀಲಿಸಿ ಎಂದು ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ, ಬ್ಯಾಕ್ಲೋಫೆನ್ ಅನ್ನು ಥಟ್ಟನೆ ಬಿಟ್ಟರೆ ಜ್ವರ, ಫಿಟ್ಸ್‌ವರೆಗೂ ಹೋಗಬಹುದು.

ಮಗು ಬೇಕೆಂದರೆ

ಪೂರ್ತಿ ಪೆಟ್ಟಾದ ಗಂಡಸರಲ್ಲಿ ಸಹಾಯವಿಲ್ಲದೆ ಸ್ಖಲನ ಆಗುವವರು ಕೆಲವೇ ಮಂದಿ. ಹಾಗೆಂದು ವೀರ್ಯಾಣು ಇಲ್ಲವೆಂದಲ್ಲ. ಸಾಮಾನ್ಯವಾಗಿ ಸಂಖ್ಯೆಗೆ ಕೊರತೆ ಇರುವುದಿಲ್ಲ, ಚಲನೆ ಕುಂದಿರುತ್ತದೆ, ಬಣ್ಣ ಕಂದಾಗಿರಲೂಬಹುದು. ಈ ಕುಂದು ಪೆಟ್ಟಾದ ಕೆಲವೇ ವಾರಗಳಲ್ಲಿ ಶುರುವಾಗಿಬಿಡುತ್ತದೆ. ವೀರ್ಯಾಣು ಈಜುವ ದ್ರವವೇ ಬದಲಾಗುವುದು ಇದಕ್ಕೆ ದೊಡ್ಡ ಕಾರಣವೆಂದು ಅಮೆರಿಕದ ಮಯಾಮಿಯಲ್ಲಿ ಬಹುಕಾಲ ನಡೆದ ಸಂಶೋಧನೆ ತೋರಿಸಿದೆ.

ವೀರ್ಯ ಪಡೆಯಲು ಮೂರು ದಾರಿ. ಮೊದಲನೆಯದು ವೈಬ್ರೇಟರ್. ಶಿಶ್ನದ ತುದಿಯ ಕೆಳಭಾಗಕ್ಕೆ ಹಿಡಿದು ಎರಡು ಮೂರು ನಿಮಿಷ ಓಡಿಸುವುದು, ಒಂದು ನಿಮಿಷ ಬಿಡುವುದು, ಮತ್ತೆ ಹಿಡಿಯುವುದು. ಇದಕ್ಕೆಂದೇ ಮಾಡಿದ ಯಂತ್ರ 2.5 ಮಿ.ಮೀ. ಅಗಲಕ್ಕೆ, ಸೆಕೆಂಡಿಗೆ 100 ಸಲ ಕಂಪಿಸುತ್ತದೆ. ಮೈ ಒತ್ತುವ ಮಸಾಜರ್‌ಗಳಲ್ಲಿ ಹಲವಕ್ಕೆ ಈ ಬಲ ಇರುವುದಿಲ್ಲ. ಪೆಟ್ಟು ಟಿ-10 ಅಥವಾ ಅದಕ್ಕೂ ಮೇಲಿದ್ದರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಇದು ಫಲಿಸುತ್ತದೆ, ಅದಕ್ಕೂ ಕೆಳಗಿನವರಲ್ಲಿ ಕೆಲವರಿಗಷ್ಟೆ. ಎರಡನೆಯದು ವಿದ್ಯುತ್ ಸ್ಖಲನ: ಗುದದೊಳಗಿಂದ ಸಣ್ಣ ವಿದ್ಯುತ್ ಕೊಟ್ಟು ವೀರ್ಯ ಬರಿಸುವುದು. ಜಾನುವಾರು ತಳಿ ಅಭಿವೃದ್ಧಿಯಲ್ಲಿ ಬಹಳ ಹಿಂದಿನಿಂದ ಇರುವ ವಿಧಾನವೇ. ಬಹುಪಾಲು ಎಲ್ಲರಲ್ಲೂ ಕೆಲಸ ಮಾಡುತ್ತದೆ, ಆದರೆ ಆಸ್ಪತ್ರೆಯಲ್ಲೇ ಆಗಬೇಕು, ಸ್ಪರ್ಶ ಉಳಿದವರಿಗೆ ಅರಿವಳಿಕೆ ಬೇಕು. ಸಿಗುವ ವೀರ್ಯಾಣುವಿನ ಚಲನೆ ವೈಬ್ರೇಟರಿನದ್ದಕ್ಕಿಂತ ಸ್ವಲ್ಪ ಕಡಿಮೆ. ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗುವುದೂ ಉಂಟು, ಆಗ ಅಲ್ಲಿಂದ ತೆಗೆಯುತ್ತಾರೆ. ಮೂರನೆಯದು ವೃಷಣಕ್ಕೆ ಸೂಜಿ ಹಾಕಿ ವೀರ್ಯಾಣು ತೆಗೆಯುವುದು. ಇದರಲ್ಲಿ ಸಿಗುವುದು ಅಷ್ಟು ಕಡಿಮೆಯೆಂದರೆ, ಒಂದೊಂದೇ ವೀರ್ಯಾಣುವನ್ನು ಅಂಡಕ್ಕೆ ಚುಚ್ಚುವ ಇಕ್ಸಿ ಚಿಕಿತ್ಸೆಗೇ ಹೋಗಬೇಕಾಗುತ್ತದೆ. ಆ ಚಿಕಿತ್ಸೆಯ ಹಾರ್ಮೋನ್ ಚುಚ್ಚುಮದ್ದು, ಅಂಡ ತೆಗೆಯುವ ನೋವು ಎಲ್ಲ ಹೆಂಡತಿಯ ಪಾಲಿಗೆ.

ನನ್ನ ಸಿಟ್ಟೆಲ್ಲ ಇಲ್ಲಿದೆ. ಸಂತಾನ ಕೇಂದ್ರಗಳಿಗೆ ಹೋದ ಜೋಡಿಯನ್ನು ಎಷ್ಟೋ ಸಲ ನೇರ ಮೂರನೆಯ ದಾರಿಗೆ ಹತ್ತಿಸುತ್ತಾರೆ, ವೈಬ್ರೇಟರಿನ ಹೆಸರನ್ನೂ ಎತ್ತುವುದಿಲ್ಲ. ಎದೆಯ ಮಟ್ಟದ ಪೆಟ್ಟು, ಹೆಂಡತಿಗೆ ಮೂವತ್ತರೊಳಗಿನ ವಯಸ್ಸು, ಅವಳ ಪರೀಕ್ಷೆಗಳೆಲ್ಲ ಸರಿ, ಇಂಥ ಜೋಡಿಗೆ ಲಕ್ಷಗಟ್ಟಲೆ ಖರ್ಚಿನ ಇಕ್ಸಿ ಮೊದಲ ಮೆಟ್ಟಿಲಾಗಬಾರದು. ವೈಬ್ರೇಟರಿನಿಂದ ವೀರ್ಯ ಸಿಕ್ಕಿ ಚಲನೆಯೂ ತಕ್ಕಮಟ್ಟಿಗಿದ್ದರೆ ಮನೆಯಲ್ಲೇ ಪ್ರಯತ್ನಿಸಬಹುದು: ಶುಚಿಯಾದ ಕಪ್ಪಿನಲ್ಲಿ ಹಿಡಿದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು, ಹೆಂಡತಿಯ ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಯೋನಿಯೊಳಗೆ ಬಿಡುವುದು. ಆ ದಿನ ತಿಳಿಯಲು ಮೆಡಿಕಲ್‌ನಲ್ಲಿ ಕಿಟ್ ಸಿಗುತ್ತದೆ. ಆರು ತಿಂಗಳು ಹೀಗೆ, ಆಗದಿದ್ದರೆ ವೀರ್ಯ ತೊಳೆದು ಗರ್ಭಕೋಶಕ್ಕೆ ಬಿಡುವ ಐಯುಐ, ಆಮೇಲೆ ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸುವ ಐವಿಎಫ್, ಇಕ್ಸಿ. ಹೆಂಡತಿಗೆ ಮೂವತ್ತೈದು ದಾಟಿದ್ದರೆ, ಚಲನೆ ತೀರ ಕಡಿಮೆಯಿದ್ದರೆ ಮೆಟ್ಟಿಲು ಹಾರಿಸುವುದು ಸರಿಯೇ. 2021ರ ಕಾಯ್ದೆಯಂತೆ ಇಂಥ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯಲು ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿಯಿದೆ.

ಟಿ-6 ಮತ್ತು ಮೇಲಿನವರು ಮೊದಲ ವೈಬ್ರೇಟರ್ ಪ್ರಯತ್ನವನ್ನು ಮನೆಯಲ್ಲಿ ಮಾಡಲೇಬಾರದು. ಬಿ.ಪಿ. ಯಂತ್ರ ಕಟ್ಟಿಕೊಂಡು ಡಾಕ್ಟರ ಎದುರೇ ಆಗಬೇಕು, ಬಿ.ಪಿ. ಏರುವವರಿಗೆ ಮುಂಚೆಯೇ ಬಿ.ಪಿ. ಇಳಿಸುವ ನಿಫೆಡಿಪಿನ್ ಕೊಟ್ಟು ಮಾಡಿಸುತ್ತಾರೆ.

ಹೆಣ್ಣಿಗೆ ಪೆಟ್ಟಾಗಿದ್ದರೆ

ಇಲ್ಲಿ ಪ್ರಶ್ನೆ ತಲೆಕೆಳಗು. ಮುಟ್ಟು ಕೆಲವು ತಿಂಗಳು ನಿಲ್ಲಬಹುದು, ಮತ್ತೆ ಬರುತ್ತದೆ, ಗರ್ಭ ನಿಲ್ಲುವ ಶಕ್ತಿ ಮೊದಲಿನಂತೆಯೇ ಇರುತ್ತದೆ. ‘ಇವಳಿಗಿನ್ನು ಮಕ್ಕಳಾಗಲ್ಲ’ ಎಂಬ ಊರಿನ ಮಾತು ಸುಳ್ಳು. ಹಾಗಾಗಿ ಹೋಲಿಸಬೇಕಾದದ್ದು ಗರ್ಭನಿರೋಧಕಗಳನ್ನು.

ದಿನವೂ ನುಂಗುವ ಈಸ್ಟ್ರೋಜನ್ ಇರುವ ಮಾಲಾದಂಥ ಮಾತ್ರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಓಡಾಟವಿಲ್ಲದವರಿಗೆ ಅದು ಮೊದಲೇ ಇದೆ, ಅದರಲ್ಲೂ ಪೆಟ್ಟಾದ ಮೊದಲ ವರ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ‘ಅಂತರಾ’ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಮುಟ್ಟು ಕಡಿಮೆಯಾಗುವುದರಿಂದ ಬಟ್ಟೆ ಬದಲಿಸುವ ತಾಪತ್ರಯ ತಪ್ಪುತ್ತದೆ, ಆದರೆ ಮೂಳೆ ಸವೆಸುತ್ತದೆ, ಬೆನ್ನುಹುರಿ ಪೆಟ್ಟಿನಲ್ಲಿ ಕಾಲಿನ ಮೂಳೆ ಹೇಗೂ ಸವೆಯುತ್ತಿರುತ್ತದೆ. ‘ಛಾಯಾ’ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, ಹಾರ್ಮೋನ್ ಅಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಈ ಹಿಂದೆ ಹೆಪ್ಪುಗಟ್ಟಿದ್ದರೆ ಇದನ್ನೂ ಕೇಳದೆ ಶುರುಮಾಡಬೇಡಿ. ಕಾಪರ್-ಟಿ ಹಾಕಿಸಿದರೆ ವರ್ಷಗಟ್ಟಲೆ ನಿಶ್ಚಿಂತೆ. ಹಾಕುವಾಗ ಬಿ.ಪಿ. ಏರಬಹುದು, ಜಾರಿದರೂ ಸೋಂಕಾದರೂ ನೋವು ತಿಳಿಯುವುದಿಲ್ಲ. ಜ್ವರ, ಕಾಲಿನ ಸೆಟೆತ ಹೆಚ್ಚುವುದು, ಬಿಳಿಸೆರಗು ಇವನ್ನೇ ಸೂಚನೆಯೆಂದು ತಿಳಿಯಬೇಕು. ಮುಟ್ಟು ಹೆಚ್ಚು ಹೋಗುವವರಿಗೆ ಹಾರ್ಮೋನ್ ಇರುವ ವಂಕಿ ಉತ್ತಮ, ಬೆಲೆ ಜಾಸ್ತಿ. ಕಾಂಡಮ್ ಎಲ್ಲಕ್ಕಿಂತ ಸುಲಭ, ಆದರೆ ಕ್ಯಾತೀಟರ್, ಗ್ಲೌಸು ಬಳಸಿ ಬಳಸಿ ಲ್ಯಾಟೆಕ್ಸ್ ಅಲರ್ಜಿ ಆದವರು ನಮ್ಮ ನಡುವೆ ಇದ್ದಾರೆ. ಜಾರಲೆಂದು ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಂಡಮ್ ಹರಿಯುತ್ತದೆ, ನೀರಿನ ಮೂಲದ ಜೆಲ್ಲಿಯೇ ಬೇಕು. ಸ್ಪರ್ಶವಿಲ್ಲದ ಕಡೆ ಒಣಗಿದ್ದರೆ ತರಚಿದ್ದೂ ಗೊತ್ತಾಗುವುದಿಲ್ಲವಾದ್ದರಿಂದ ಜೆಲ್ಲಿಯನ್ನು ಧಾರಾಳವಾಗಿಯೇ ಬಳಸಿ.

ಆಪರೇಷನ್ ಮಾಡಿಸಿಬಿಡಿ ಎಂದು ಮನೆಯವರು ಒತ್ತಾಯಿಸುವುದುಂಟು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 10ನೇ ಕಲಂ ಸ್ಪಷ್ಟವಾಗಿದೆ: ಬಂಜೆಯಾಗಿಸುವ ಯಾವ ಚಿಕಿತ್ಸೆಯನ್ನೂ ಆಕೆ ತಿಳಿದು, ಸ್ವಇಚ್ಛೆಯಿಂದ ಒಪ್ಪದೆ ಮಾಡುವಂತಿಲ್ಲ.

ಸುಖದ ಮಾತು ಬಂದರೆ, ಅಮೆರಿಕದಲ್ಲಿ ಮಾರ್ಕಾ ಸಿಪ್‌ಸ್ಕಿ ನಡೆಸಿದ ಪ್ರಯೋಗಾಲಯದ ಅಧ್ಯಯನಗಳಲ್ಲಿ ಬೆನ್ನುಹುರಿ ಪೆಟ್ಟಾದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಪರಾಕಾಷ್ಠೆ ತಲುಪಿದ್ದರು. ಹೆಚ್ಚು ಹೊತ್ತು ಬೇಕಾಗುತ್ತದೆ. ಎಸ್ ನರಗಳು ಪೂರ್ತಿ ಹೋದವರಲ್ಲಿ ಇದು ಅಪರೂಪ. ಬೆನ್ನುಹುರಿಯೊಳಗೆ ಹಾಯದೆ, ಮಿದುಳಿಗೆ ನೇರ ಸೇರುವ ವೇಗಸ್ ನರದ ಮೂಲಕ ಗರ್ಭದ್ವಾರದ ಸಂವೇದನೆ ಮಿದುಳಿಗೆ ಮುಟ್ಟುವುದನ್ನು ಅಮೆರಿಕದ ಸಂಶೋಧಕರಾದ ಬ್ಯಾರಿ ಕೋಮಿಸಾರುಕ್, ಬೆವರ್ಲಿ ವಿಪ್ಪಲ್ ತೋರಿಸಿದ್ದಾರೆ. ಗಂಡಿರಲಿ ಹೆಣ್ಣಿರಲಿ, ಸ್ಪರ್ಶ ಇರುವ ಮತ್ತು ಇಲ್ಲದ ಭಾಗ ಕೂಡುವ ಗೆರೆ, ಕುತ್ತಿಗೆ, ಕಿವಿ ಇವು ಮೊದಲಿಗಿಂತ ಸೂಕ್ಷ್ಮವಾಗಿರಬಹುದು. ಅದನ್ನು ಯಾವ ಡಾಕ್ಟರೂ ಪರೀಕ್ಷೆ ಮಾಡಿ ಹೇಳಲಾರರು, ಇಬ್ಬರೇ ಹುಡುಕಿಕೊಳ್ಳಬೇಕು.

ಗರ್ಭಿಣಿಯಾದರೆ ಊರಿನ ಹೆರಿಗೆ ಆಸ್ಪತ್ರೆಯೋ ದೊಡ್ಡಾಸ್ಪತ್ರೆಯೋ ಎಂಬ ಆಯ್ಕೆಯಲ್ಲಿ ಗೊಂದಲ ಬೇಡ, ಅರಿವಳಿಕೆ ತಜ್ಞರು ದಿನವಿಡೀ ಇರುವಲ್ಲಿಗೇ ಹೋಗಿ. ಟಿ-10ಕ್ಕಿಂತ ಮೇಲಿನವರಿಗೆ ಹೆರಿಗೆ ನೋವು ಶುರುವಾದದ್ದೇ ತಿಳಿಯದಿರಬಹುದು. ಟಿ-6 ಮತ್ತು ಮೇಲಿನವರಲ್ಲಿ ಬಿ.ಪಿ. ಏರಿದ್ದನ್ನು ಗರ್ಭಿಣಿಯರ ನಂಜಿನ ಬಿ.ಪಿ. ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಬೆನ್ನಿಗೆ ಕೊಡುವ ಅರಿವಳಿಕೆ, ಎಪಿಡ್ಯೂರಲ್ ಅನ್ನು ಬೇಗ ಕೊಡುವುದು ಬಿ.ಪಿ. ಏರದಂತೆ ತಡೆಯುವ ದಾರಿ.

ಕ್ಯಾತೀಟರ್ ಮತ್ತು ಹಾಸಿಗೆ

ಹೊತ್ತಿಗೊಮ್ಮೆ ಹಾಕಿ ತೆಗೆಯುವ ಕ್ಯಾತೀಟರ್ ಇದ್ದರೆ ಕೂಡುವ ಮೊದಲು ಖಾಲಿ ಮಾಡಿದರೆ ಮುಗಿಯಿತು. ಸದಾ ಇರುವ ಕ್ಯಾತೀಟರ್ ಆದರೆ ಹೆಂಗಸರು ಹೊಟ್ಟೆಯ ಮೇಲಕ್ಕೆ ತಿರುಗಿಸಿ ಪ್ಲಾಸ್ಟರ್ ಅಂಟಿಸಬಹುದು, ಗಂಡಸರು ಶಿಶ್ನದ ಉದ್ದಕ್ಕೆ ಹಿಂದಕ್ಕೆ ಮಡಚಿ ಮೇಲೆ ಕಾಂಡಮ್ ಹಾಕಿಕೊಳ್ಳಬಹುದು. ಹೊಟ್ಟೆಯ ಮೇಲಿನ ತೂತಿನಿಂದ ಹಾಕುವ ಕ್ಯಾತೀಟರ್ ದಾಂಪತ್ಯದ ದೃಷ್ಟಿಯಿಂದ ಇವೆಲ್ಲಕ್ಕಿಂತ ಸಲೀಸು, ಆದರೆ ಕೈ ಚೆನ್ನಾಗಿರುವವರು ಅದಕ್ಕಾಗಿಯೇ ತೂತು ಮಾಡಿಸಿಕೊಳ್ಳುವುದು ಬೇಡ. ಟವೆಲ್ ಹಾಸಿಕೊಳ್ಳಿ, ಸ್ವಲ್ಪ ಸೋರಿದರೆ ಒಗೆದರಾಯಿತು.

ಯಾರನ್ನು ಕೇಳಬೇಕು? ಮೂತ್ರರೋಗ ತಜ್ಞರಿಗಿಂತ ಮೊದಲು ಪುನಶ್ಚೇತನ ವಿಭಾಗಕ್ಕೆ, ಪಿಎಂಆರ್ ಎಂದು ಬೋರ್ಡಿರುವಲ್ಲಿಗೆ ಹೋಗುವುದು ನನ್ನ ಸಲಹೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗವಿದೆ. ವೆಲ್ಲೂರಿನ ಸಿಎಂಸಿಯದು ವೀಲ್‌ಚೇರಿನ ಮೇಲೆ ಕೂತೇ ವೈದ್ಯೆಯಾಗಿ ದುಡಿದ ಡಾ. ಮೇರಿ ವರ್ಗೀಸ್ ಕಟ್ಟಿ ಬೆಳೆಸಿದ್ದು. ಸಂತಾನ ಕೇಂದ್ರಕ್ಕೆ ಹೋಗುವುದಾದರೆ ಹಣ ಕಟ್ಟುವ ಮೊದಲು ಫೋನಿನಲ್ಲೇ ಕೇಳಿ: ನಿಮ್ಮಲ್ಲಿ ಸ್ಖಲನದ ವೈಬ್ರೇಟರ್ ಇದೆಯೇ, ವಿದ್ಯುತ್ ಯಂತ್ರ ಇದೆಯೇ, ಬೆನ್ನುಹುರಿ ಪೆಟ್ಟಾದವರಿಗೆ ಬಳಸಿದ್ದೀರಾ, ವೀಲ್‌ಚೇರ್ ಒಳಗೆ ಬರುತ್ತದೆಯೇ? ‘ಅದೆಲ್ಲ ಬೇಕಿಲ್ಲ, ನೇರ ಬನ್ನಿ’ ಎಂದರೆ ಬೇರೆ ಕೇಂದ್ರಕ್ಕೆ ಫೋನ್ ಮಾಡಿ.